ಕೊಳ್ಳುವ ಬೆಲೆ, ಓಡಿಸುವ ಬೆಲೆ

ಮನೆಗೆ ಹೊಸ ಗಾಡಿ ಬಂದರೆ ಆರತಿ ಬೆಳಗುವವರು ನಾವು. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚುವುದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುವುದು, ಓಣಿಗೆಲ್ಲ ಪೇಢೆ ಹಂಚುವುದು, ಎಲ್ಲವೂ ನಮ್ಮದೇ. ಆದರೆ ಆ ಬಾನೆಟ್ಟಿನ ಕೆಳಗೆ ಯಾವ ಇಂಜಿನ್ ಇರಬೇಕು, ಡೀಸೆಲ್ಲೋ ಪೆಟ್ರೋಲೋ ಎಂಬ ಮಾತು ಪಡಸಾಲೆಯಲ್ಲಿ ನಡೆಯುವಾಗ ನಾವು ಒಳಗೆ ಚಹಾ ಸೋಸುತ್ತಿರುತ್ತೇವೆ. ಅದು ಗಂಡಸರ ವಿಷಯ ಎಂದು ಅವರೂ ತಿಳಿದಿರುತ್ತಾರೆ, ನಾವೂ ಒಪ್ಪಿಕೊಂಡಿರುತ್ತೇವೆ.

ನಿಜ ಹೇಳಬೇಕೆಂದರೆ ಈ ವಿಷಯ ನಮಗೆ ಗೊತ್ತಿಲ್ಲದ್ದೇನಲ್ಲ. ಸೀಮೆಎಣ್ಣೆ ಸ್ಟೋವು ಕೊಳ್ಳುವುದು ಅಗ್ಗ, ಉರಿಸುವುದು ತ್ರಾಸು. ಗ್ಯಾಸಿನ ಒಲೆಗೆ ಮೊದಲು ಡಿಪಾಜಿಟ್ ಕಟ್ಟಬೇಕು, ಆಮೇಲೆ ದಿನದ ಕೆಲಸ ಹಗುರ. ಕಟ್ಟಿಗೆ ಒಲೆಗೆ ಕೊಳ್ಳುವ ಬೆಲೆಯೇ ಇಲ್ಲ, ಆದರೆ ಅದರ ಬೆಲೆಯನ್ನು ನಮ್ಮ ಕಣ್ಣು, ಎದೆ, ಸೊಂಟ ಕಟ್ಟುತ್ತ ಬಂದಿವೆ. ಕೊಳ್ಳುವ ಬೆಲೆ ಬೇರೆ, ಓಡಿಸುವ ಬೆಲೆ ಬೇರೆ ಎಂಬುದನ್ನು ಯಾವ ಹೆಣ್ಣುಮಗಳಿಗೂ ಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಇಂಜಿನ್ನಿನ ಇತಿಹಾಸವೂ ಇಷ್ಟೇ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಬಾವಿಯ ದಂಡೆಯಿಂದ ಹಿಡಿದು ಹೆದ್ದಾರಿಯವರೆಗೆ ಯಾವ ಕಾಲಕ್ಕೆ ಯಾವ ಇಂಜಿನ್ ಬಂತು, ಯಾಕೆ ಬಂತು ಎಂದು ನೋಡುತ್ತ ಹೋದರೆ, ಈ ಎರಡು ಬೆಲೆಗಳ ಜಗ್ಗಾಟವೇ ಕಾಣುತ್ತದೆ.

ನಾನು ಸಮಾಜ ಪಾಠ ಹೇಳುವ ಶಿಕ್ಷಕಿ. ಯಂತ್ರದ ವಿದ್ಯೆ ನನ್ನದಲ್ಲ. ಆದರೆ ಇತಿಹಾಸದ ಪಾಠ ಹೇಳುವವರು ಹಣ ಎಲ್ಲಿಂದ ಬಂತು ಎಂದು ಕೇಳಲೇಬೇಕು. ಹಾಗೆ ಕೇಳಿದಾಗ ಸಿಗುವ ಮೊದಲ ಹೆಸರು ಒಬ್ಬ ಹೆಣ್ಣುಮಗಳದು.

ಜರ್ಮನಿಯ ಕಾರ್ಲ್ ಬೆಂಝ್ ಪೆಟ್ರೋಲ್ ಇಂಜಿನ್ನಿನ ಗಾಡಿ ಮಾಡಿದವನೆಂದು ಎಲ್ಲರಿಗೂ ಗೊತ್ತು. ಮದುವೆಗೆ ಮುಂಚೆಯೇ ಅವನ ಕಾರ್ಖಾನೆ ಪಾಲುದಾರನ ಕೈಯಲ್ಲಿ ಮುಳುಗುವಂತಿತ್ತು. ಅವನನ್ನು ಮದುವೆಯಾಗಬೇಕಿದ್ದ ಬೆರ್ತಾ ಎಂಬ ಹುಡುಗಿ ತನಗೆ ಬರಬೇಕಿದ್ದ ವರದಕ್ಷಿಣೆಯ ಹಣವನ್ನು ಮೊದಲೇ ತೆಗೆದುಕೊಟ್ಟು ಆ ಪಾಲನ್ನು ಬಿಡಿಸಿದಳು. ಗಾಡಿ ತಯಾರಾಯಿತು, ಕೊಳ್ಳುವವರು ಬರಲಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ತ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಗಾಡಿ ಓಡಿಸಿದಳು. ಆಗ ಪಂಪು ಎಲ್ಲಿತ್ತು? ದಾರಿಯಲ್ಲಿ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ಎಣ್ಣೆ ಕೊಂಡು ಟಾಕಿಗೆ ಸುರಿದಳು. ಎಣ್ಣೆಯ ನಳಿಗೆ ಕಟ್ಟಿದಾಗ ಟೊಪ್ಪಿಗೆಯ ಪಿನ್ನಿನಿಂದ ಕೆರೆದಳು. ಜಗತ್ತಿನ ಮೊದಲ ದೂರಪ್ರಯಾಣದ ಮೋಟಾರು ಹೆಣ್ಣಿನ ಹಣದಿಂದ ಹುಟ್ಟಿತು, ಹೆಣ್ಣಿನ ಕೈಯಲ್ಲೇ ಓಡಿತು.

ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಶುರುವಾಯಿತು. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮತ್ತು ಅವರ ಅಣ್ಣ ನಡೆಸಿದ ಅಂಗಡಿ ಅದು. ಮುಂದೆ ಅವರು ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಆ ನೇಗಿಲನ್ನು ಮುಟ್ಟಲು ಹಿಂಜರಿದರಂತೆ. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಶನ್ನಿನ ಬಳಿ ಕೊಟ್ಟ ಪಾಪಾಸುಕಳ್ಳಿಯ ಬರಡು ಜಾಗಕ್ಕೆ ಕಾರ್ಖಾನೆ ಹೋಯಿತು. ಅದೇ ಈಗಿನ ಕಿರ್ಲೋಸ್ಕರವಾಡಿ. ಮಿರಜದಿಂದ ಪುಣೆಯ ಕಡೆ ರೈಲಿನಲ್ಲಿ ಹೋದವರು ಆ ಬೋರ್ಡನ್ನು ನೋಡಿಯೇ ಇರುತ್ತೀರಿ. ಮರಾಠಿ ಬಲ್ಲ ನಮ್ಮ ಗಡಿಭಾಗದ ಹಿರಿಯ ಹೆಣ್ಣುಮಕ್ಕಳಿಗೆ ಆ ಊರು ಇನ್ನೊಂದು ಕಾರಣಕ್ಕೂ ಗೊತ್ತು. 'ಸ್ತ್ರೀ' ಮಾಸಿಕ 1930ರಲ್ಲಿ ಹೊರಟದ್ದು ಅಲ್ಲಿಂದಲೇ.

ಇನ್ನು ಡೀಸೆಲ್ಲಿನ ಮಾತು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರನ ಇಂಜಿನ್ 1897ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ಪರೀಕ್ಷೆಯಲ್ಲಿ ಗೆದ್ದಿತು. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕೆಂಡದಂತೆ ಕಾಯುತ್ತದೆ, ಅದರೊಳಗೆ ಎಣ್ಣೆ ಚಿಮುಕಿಸಿದರೆ ತಾನೇ ಹೊತ್ತುತ್ತದೆ. ಆ ಒತ್ತಡ ತಡೆಯಲು ಇಂಜಿನ್ನಿನ ಮೈ ದಪ್ಪ ಇರಬೇಕು, ಎಣ್ಣೆ ಚಿಮುಕಿಸುವ ಪಂಪು ಬಹಳ ನಾಜೂಕಾಗಿರಬೇಕು. ಆದ್ದರಿಂದ ಅದು ಯಾವತ್ತೂ ತುಟ್ಟಿ. ಆದರೆ ಒಳಗೆ ಹಾಕಿದ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ ಸುಮಾರು 26 ಪಾಲನ್ನು ಅವನ ಆ ಇಂಜಿನ್ ಕೆಲಸಕ್ಕೆ ತಿರುಗಿಸಿತು. ಆಗಿನ ಉಗಿ ಇಂಜಿನ್ನುಗಳಲ್ಲಿ ಹೆಚ್ಚಿನವು 10 ಪಾಲನ್ನೂ ದಾಟುತ್ತಿರಲಿಲ್ಲ. ಕೊಳ್ಳಲು ತುಟ್ಟಿ, ಓಡಿಸಲು ಅಗ್ಗ ಎಂಬುದು ಡೀಸೆಲ್ಲಿನ ಹುಟ್ಟುಗುಣ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥ ಒಂದು ಇಂಜಿನ್ನನ್ನು ಶೇಂಗಾ ಎಣ್ಣೆಯಿಂದಲೂ ಓಡಿಸಿ ತೋರಿಸಿದರು. ನಾವು ಕಡುಬು ಕರಿಯುವ ಎಣ್ಣೆ!

ಹಾಗಾದರೆ ಎಲ್ಲರೂ ಕೂಡಲೇ ಡೀಸೆಲ್ಲಿಗೆ ತಿರುಗಿದರೆ? ಇಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆಯನ್ನೇ ನೋಡಿ. ಸಕ್ಕರೆ ಕಾರ್ಖಾನೆಗಳು ಉಗಿಯನ್ನು ಬಿಡಲೇ ಇಲ್ಲ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯೇ ಅವುಗಳ ಉರುವಲು, ಅದಕ್ಕೆ ಬೇರೆ ದುಡ್ಡಿಲ್ಲ. ಸಕ್ಕರೆ ಕಾಯಿಸಲು ಉಗಿ ಬೇಕೇ ಬೇಕು. ಉರುವಲು ಪುಕ್ಕಟೆ ಇರುವಲ್ಲಿ ಜಾಣ ಇಂಜಿನ್ನಿನ ಜಾಣತನಕ್ಕೆ ಬೆಲೆ ಇಲ್ಲ. ಯಾವ ಇಂಜಿನ್ ಒಳ್ಳೆಯದು ಎಂಬ ಪ್ರಶ್ನೆಯೇ ಅರ್ಧ. ಯಾರಿಗೆ, ಯಾವ ಕೆಲಸಕ್ಕೆ, ಯಾವ ಎಣ್ಣೆಯ ದರದಲ್ಲಿ ಎಂದು ಕೇಳಿದಾಗ ಅದು ಪೂರ್ತಿಯಾಗುತ್ತದೆ.

ನಮ್ಮ ಹೊಲಗಳಿಗೆ ಮಾತ್ರ ಡೀಸೆಲ್ಲೇ ಬಂತು. ಅದಕ್ಕೂ ಮೊದಲು ಬಾವಿಯ ನೀರನ್ನು ಎತ್ತುಗಳು ಎತ್ತುತ್ತಿದ್ದವು. ತೊಗಲಿನ ಕಪಿಲೆ, ದಪ್ಪ ಹಗ್ಗ, ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆಯುವ ಒಂದೋ ಎರಡೋ ಜೋಡಿ ಎತ್ತು. ಎತ್ತಿಗೆ ಡೀಸೆಲ್ ಬೇಡ ನಿಜ, ಆದರೆ ಕೆಲಸ ಇಲ್ಲದ ದಿನವೂ ಮೇವು ಬೇಕು. ಅದರ ಸೆಗಣಿ ಬಾಚುವುದು, ಮೇವು ತರುವುದು, ಕಲಗಚ್ಚು ಇಡುವುದು ಮನೆಯ ಹೆಂಗಸರ ಪಾಲು. ಆ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ ಆಯಿಲ್ ಇಂಜಿನ್ಸ್ ಕಂಪನಿ ಶುರುವಾದ ಮೇಲೆ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳಲ್ಲಿ 'ಕಿರ್ಲೋಸ್ಕರ' ಎಂದರೆ ಇಂಜಿನ್, ಇಂಜಿನ್ ಎಂದರೆ 'ಕಿರ್ಲೋಸ್ಕರ' ಎಂಬಂತಾಯಿತು. ಒಂದೇ ಸಿಲಿಂಡರು, 5 ಅಶ್ವಶಕ್ತಿ, ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುವುದು. ಊರ ಮೇಸ್ತ್ರಿಯೇ ಬಿಚ್ಚಿ ಕೂಡಿಸಬಲ್ಲಷ್ಟು ಸರಳ. ಆಮೇಲೆ ರಾಜಕೋಟದ ಕಡೆಯ ಇನ್ನೂ ಅಗ್ಗದ ಇಂಜಿನ್ನುಗಳೂ ಬಂದವು.

ನಮ್ಮ ಅತ್ತೆಯವರ ಹೊಲದಲ್ಲಿ ಅಂಥದೊಂದು ಇಂಜಿನ್ ಇತ್ತು. ಅದು ಹೇಗೆ ಬಂತೆಂದು ಅತ್ತೆಯವರೇ ಹೇಳುತ್ತಿದ್ದರು. ಅವರ ತವರಿನ ಸರ ನಿಪ್ಪಾಣಿಯ ಸರಾಫರಲ್ಲಿ ಒತ್ತೆ ಬಿತ್ತು, ಇಂಜಿನ್ ಬಂತು. ಮೂರು ವರ್ಷ ಕಬ್ಬು ಬೆಳೆದ ಮೇಲೆ ಸರ ಬಿಡಿಸಿ ತಂದರು. "ನನ್ನ ಸರ ಮೂರು ವರ್ಷ ಬಾವಿಯೊಳಗ ಬಿದ್ದಿತ್ತವ್ವಾ" ಎಂದು ನಗುತ್ತಿದ್ದರು. ಬಿಡಿಸಿ ತಂದವರು ಪುಣ್ಯವಂತರು. ತರಲಾಗದ ಮನೆಗಳೂ ಊರಿನಲ್ಲಿದ್ದವು. ಬೆರ್ತಾ ಬೆಂಝಳ ಕಥೆ ಓದಿದಾಗ ನನಗೆ ನೆನಪಾದದ್ದು ಆ ಸರ.

ಆ ಇಂಜಿನ್ನುಗಳನ್ನು ಹೊಲದಿಂದ ಹೊರಗೆ ಹಾಕಿದ್ದೂ ಬೆಲೆಯೇ. ವಿದ್ಯುತ್ತು ಬಂತು, ಮುಂದೆ 10 ಅಶ್ವಶಕ್ತಿಯವರೆಗಿನ ಪಂಪಸೆಟ್ಟುಗಳಿಗೆ ಸರಕಾರ ಅದನ್ನು ಉಚಿತ ಮಾಡಿತು. ಓಡಿಸುವ ಬೆಲೆ ಸೊನ್ನೆಯಾದ ಮೇಲೆ ಯಾವ ಡೀಸೆಲ್ ನಿಂತೀತು? ಆದರೆ ಕರೆಂಟು ರಾತ್ರಿ ಬರುವ ದಿನಗಳಲ್ಲಿ ನೀರು ಕಟ್ಟಲು ಹೋದ ಗಂಡ, ಮಗ ಹಾವು ಹುಳದಿಂದ ಪಾರಾಗಿ ಬರಲಿ ಎಂದು ಎಚ್ಚರವಿರುವ ಹೆಂಗಸಿನ ನಿದ್ದೆಗೆ ಯಾವ ಮೀಟರೂ ಇಲ್ಲ.

ಈಗ ರಸ್ತೆಗೆ ಬರೋಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಶನ್ ಬಂದಾಗ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದರೆ ಜನ ಇಳಿದು ನಡೆಯಬೇಕು. ಯುದ್ಧ ಮುಗಿದ ಮೇಲೆ ಜೀಪು ಬಂತು. ಮಹೀಂದ್ರಾ ಕಂಪನಿ 1949ರಲ್ಲಿ ಮುಂಬೈಯ ಮಝಗಾಂವದಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿತು. ಅದರಲ್ಲಿದ್ದದ್ದು ಪೆಟ್ರೋಲ್ ಇಂಜಿನ್. ಎಳೆಯುವ ಶಕ್ತಿಗೇನೂ ಕಡಿಮೆ ಇರಲಿಲ್ಲ, ಹೊಟ್ಟೆ ಮಾತ್ರ ದೊಡ್ಡದು. ಸಾಹುಕಾರರು ಮತ್ತು ಸರಕಾರಿ ಅಧಿಕಾರಿಗಳು ಅದನ್ನು ಸಾಕಬಲ್ಲವರಾಗಿದ್ದರು. ಸರಕಿನ ಲಾರಿಗಳು ಮಾತ್ರ ಆಗಲೇ ಡೀಸೆಲ್ಲಿನ ದಾರಿ ಹಿಡಿದವು. 1954ರಲ್ಲಿ ಟಾಟಾದವರು ಬೆಂಝ್ ಕಂಪನಿಯ ಜೊತೆ ಕೂಡಿ ಜಮಶೇಡಪುರದಲ್ಲಿ ಡೀಸೆಲ್ ಲಾರಿ ಮಾಡತೊಡಗಿದರು. ನೋಡಿ, ಬೆರ್ತಾ ಉಳಿಸಿದ ಹೆಸರು ನಮ್ಮ ಹೆದ್ದಾರಿಗೂ ಬಂತು.

ಎಲ್ಲವನ್ನೂ ತಿರುವಿಹಾಕಿದ್ದು 1973. ಅರಬ್ ದೇಶಗಳ ಯುದ್ಧದ ಬೆನ್ನಿಗೆ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ ಕೆಲವೇ ತಿಂಗಳಲ್ಲಿ 11 ಡಾಲರ್ ದಾಟಿತು. ದಿಲ್ಲಿಯಲ್ಲಿ ಪೆಟ್ರೋಲಿನ ಬೆಲೆ ಏರಿಸಿದ್ದನ್ನು ಪ್ರತಿಭಟಿಸಿ ಆ ನವೆಂಬರಿನಲ್ಲಿ ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರು. ಪೆಟ್ರೋಲ್ ಕಾರಿನವರ ಎಣ್ಣೆ, ಡೀಸೆಲ್ ರೈತನ ಮತ್ತು ಬಸ್ಸಿನ ಎಣ್ಣೆ ಎಂಬ ಲೆಕ್ಕದಿಂದ ಸರಕಾರಗಳು ಡೀಸೆಲ್ಲನ್ನು ಅಗ್ಗವಾಗಿಯೇ ಇಟ್ಟವು. ಈ ಒಂದು ತೀರ್ಮಾನ ಮುಂದಿನ ನಾಲ್ಕು ದಶಕ ನಮ್ಮ ಹಳ್ಳಿಗಳ ಗಾಡಿಯನ್ನು ನಿರ್ಧರಿಸಿತು. 1979ರಲ್ಲಿ ಮಹೀಂದ್ರಾದವರು ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಡೀಸೆಲ್ ಇಂಜಿನ್ ಮಾಡುವ ಪರವಾನಿಗೆ ತಂದರು. ಹಳೆಯ ಪೆಟ್ರೋಲ್ ಜೀಪು ಇದ್ದವರು ಅದರ ಎದೆ ಸೀಳಿ ಡೀಸೆಲ್ ಇಂಜಿನ್ ಕೂಡಿಸಿಕೊಂಡರು. ಜೀಪು ಬದಲಾಗಲಿಲ್ಲ, ಹೃದಯ ಬದಲಾಯಿತು. ಕಾರಣ, ಪಂಪಿನ ದರಪಟ್ಟಿ.

ನಾನು ಹೈಸ್ಕೂಲು, ಕಾಲೇಜು ಓದುವ ದಿನಗಳಲ್ಲಿ ನಮ್ಮ ಕಡೆ ಬಾಡಿಗೆಗೆ ಓಡುತ್ತಿದ್ದದ್ದು ಮೂರು ಗಾಲಿಯ ಟೆಂಪೊ ಮತ್ತು ಮೆಟಡೋರ್. ಎರಡೂ ಬಜಾಜ್ ಟೆಂಪೊ ಕಂಪನಿಯವು. ಹಗಲು ತಂಬಾಕಿನ ಅಂಡಿಗೆ, ಬೆಲ್ಲದ ಪೆಂಟೆ, ಸಂಜೆ ಮದುವೆ ದಿಬ್ಬಣ. ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವಾಗ ತವಂದಿ ಘಾಟಿನಲ್ಲಿ ತುಂಬಿದ ಗಾಡಿ ಏರುವ ಸದ್ದು ಕೇಳಿದರೆ ಒಳಗೆ ಕುಳಿತವರಿಗೇ ದಮ್ಮು ಕಟ್ಟಿದಂತಾಗುತ್ತಿತ್ತು. ಅಥಣಿ, ಕಾಗವಾಡದ ಕಡೆಯಿಂದ ಮಿರಜದ ಆಸ್ಪತ್ರೆಗೆ ಬಸುರಿಯರನ್ನು ಕರೆದೊಯ್ಯುತ್ತಿದ್ದದ್ದೂ ಇಂಥ ಗಾಡಿಗಳಲ್ಲೇ. ಓಡಿಸುವ ಬೆಲೆ ಕಡಿಮೆ ಇದ್ದುದರಿಂದಲೇ ಊರಿಗೊಂದು ಗಾಡಿ ಇತ್ತು. ಊರಿಗೊಂದು ಗಾಡಿ ಇದ್ದುದರಿಂದ ಎಷ್ಟೋ ತಾಯಂದಿರು ಉಳಿದರು. ಇದನ್ನು ಡೀಸೆಲ್ಲಿನ ಪಾಲಿನ ಪುಣ್ಯವೆಂದು ಬರೆದಿಡಬೇಕು.

1980ರ ದಶಕದ ನಡುವೆ ಒಂದು ಪಾಠ ನಡೆಯಿತು. ಟೊಯೊಟಾ, ನಿಸ್ಸಾನ್, ಮಝ್ದಾ, ಮಿತ್ಸುಬಿಶಿ, ಈ ನಾಲ್ಕು ಜಪಾನಿ ಹೆಸರುಗಳು ನಮ್ಮ ದೇಶದ ಕಂಪನಿಗಳ ಜೊತೆ ಸೇರಿ ಸಣ್ಣ ಲಾರಿಗಳನ್ನು ತಂದವು. ಒಳ್ಳೆಯ ಇಂಜಿನ್, ನಯವಾದ ಓಟ. ಆದರೆ ಅವುಗಳ ಭಾಗಗಳು ಜಪಾನಿನಿಂದ ಬರಬೇಕು. 1985ರ ಮೇಲೆ ಎರಡು ಮೂರು ವರ್ಷಗಳಲ್ಲಿ ಜಪಾನಿನ ಯೆನ್ ಡಾಲರಿನ ಎದುರು ಸುಮಾರು ಎರಡು ಪಟ್ಟು ಏರಿತು. 1986ರಲ್ಲಿ ಬಂದ ಟಾಟಾ 407ಕ್ಕೆ ಆ ಚಿಂತೆ ಇರಲಿಲ್ಲ. ಅದು ಹೆಚ್ಚಿನ ಹೊರೆ ಹೊರುತ್ತಿತ್ತು, ಅದರ ಸಾಮಾನು ಎಲ್ಲಿಯೂ ಸಿಗುತ್ತಿತ್ತು, ರಿಪೇರಿ ಎಲ್ಲರಿಗೂ ಬರುತ್ತಿತ್ತು. ನಾಲ್ವರನ್ನೂ ಹಿಂದೆ ಹಾಕಿತು. ಕೊಳ್ಳುವ ಬೆಲೆ, ಓಡಿಸುವ ಬೆಲೆಗಳ ಜೊತೆ ಮೂರನೆಯದೂ ಒಂದಿದೆ, ದುರಸ್ತಿಯ ಬೆಲೆ. ಗಾಡಿ ಕೆಟ್ಟು ನಿಂತ ದಿನ ಬಾಡಿಗೆ ಬರುವುದಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಆಮೇಲೆ 2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಜನ ಅದಕ್ಕೆ 'ಛೋಟಾ ಹಾಥಿ' ಎಂದರು. ಆನೆ ಕೊಳ್ಳುವುದಕ್ಕಿಂತ ಸಾಕುವುದು ಕಷ್ಟವೆಂಬ ಮಾತು ನಮ್ಮಲ್ಲಿ ಹಳೆಯದು. ಈ ಆನೆಯನ್ನು ಮಾಡಿದವರು ಆ ಮಾತನ್ನೇ ಮುಂದಿಟ್ಟುಕೊಂಡಂತಿತ್ತು. ಗಿರೀಶ ವಾಘ್ ಎಂಬ ಇಂಜಿನಿಯರರ ತಂಡ ಮೂರು ಗಾಲಿಯ ಗಾಡಿ ಓಡಿಸುವವರನ್ನು ಕೇಳುತ್ತ ಸುತ್ತಿತು. ನಾಲ್ಕು ಗಾಲಿಯ ಗಾಡಿ ಇದ್ದರೆ ತನಗೆ ಒಳ್ಳೆಯ ಕಡೆಯಿಂದ ಹೆಣ್ಣು ಸಿಗುತ್ತದೆ ಎಂದು ಒಬ್ಬ ಯುವಕ ಹೇಳಿದ್ದು ಆ ಗಾಡಿಯ ಕಥೆಯೊಡನೆ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಬೆಲೆ ಮೂರು ಗಾಲಿಯದಕ್ಕೆ ಹತ್ತಿರ ಇರಬೇಕಲ್ಲ? ತಮ್ಮ ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನನ್ನು ಅರ್ಧ ಮಾಡಿದಂತೆ ಎರಡು ಸಿಲಿಂಡರಿನ, 702 ಸಿಸಿಯ ಇಂಜಿನ್ ಮಾಡಿದರು. ಗಾಡಿಯ ಬೆಲೆ ಸುಮಾರು 2 ಲಕ್ಷ 25 ಸಾವಿರ. ಹಾಲಿನ ಕ್ಯಾನು, ಕಾಯಿಪಲ್ಲೆ, ಅಥಣಿಯ ಒಣದ್ರಾಕ್ಷಿ, ಚಪ್ಪಲಿಯ ಗಂಟು, ಎಲ್ಲಕ್ಕೂ ಇದು ಹೊಂದಿತು. ಹೆಚ್ಚಿನ ಹೊರೆಯವರು ಮಹೀಂದ್ರಾದ ಬೊಲೆರೊ ಪಿಕಪ್ಪಿಗೆ ಹೋದರು. ಆಗ ಡೀಸೆಲ್ಲೋ ಪೆಟ್ರೋಲೋ ಎಂದು ಯಾರೂ ಕೇಳುತ್ತಲೇ ಇರಲಿಲ್ಲ. ಹೊರೆಯ ಗಾಡಿ ಎಂದರೆ ಡೀಸೆಲ್.

ಆ ನಂಬಿಕೆ ಎಷ್ಟು ಗಟ್ಟಿ ಎಂದು ನನಗೆ ತಿಳಿದದ್ದು ನನ್ನ ತಮ್ಮನ ಮಗ ಗಾಡಿ ಕೊಳ್ಳಲು ಹೊರಟಾಗ. 2020ರ ಕೊನೆಯ ತಿಂಗಳುಗಳು. ರಾಯಬಾಗ ತಾಲೂಕಿನ ಅವರ ಊರಿನಿಂದ ಹಾಲು, ಕಾಯಿಪಲ್ಲೆ ಸಾಗಿಸುವ ವಿಚಾರ. ದಿನಕ್ಕೆ ಹೋಗಿ ಬಂದು 30 ಕಿಲೋಮೀಟರ್. ಮುಂಗಡಕ್ಕೆ ಒಂದು ಲಕ್ಷ ಕಡಿಮೆ ಬೀಳುತ್ತಿತ್ತು. ಅದಕ್ಕೆ ನನ್ನ ತಮ್ಮನ ಹೆಂಡತಿಯ ಬಳೆಗಳು ಹೊರಡಲು ತಯಾರಾಗಿದ್ದವು. "ಡೀಸೆಲ್ ಯಾಕೆ ಬೇಕು?" ಎಂದು ಕೇಳಿದೆ. "ಎಲ್ಲಾರೂ ಅದನ್ನ ತಗೊಂತಾರ, ಅತ್ತಿ" ಎಂದ. ಆ ರಾತ್ರಿ ಅವನನ್ನೂ ಅವನ ತಾಯಿಯನ್ನೂ ಕೂರಿಸಿಕೊಂಡು ನೋಟಬುಕ್ಕು ತೆಗೆದೆವು. ಆ ಲೆಕ್ಕವನ್ನು ನಿಮ್ಮ ಮುಂದೂ ಇಡುತ್ತೇನೆ, ಬೇಸರಿಸಬೇಡಿ.

ಡೀಸೆಲ್ ಗಾಡಿ ಪೆಟ್ರೋಲ್ ಗಾಡಿಗಿಂತ 1 ಲಕ್ಷ ತುಟ್ಟಿ ಎಂದು ಹಿಡಿಯಿರಿ. ಡೀಸೆಲ್ ಗಾಡಿ ಲೀಟರಿಗೆ 16 ಕಿಲೋಮೀಟರ್, ಪೆಟ್ರೋಲಿನದು 12 ಓಡುತ್ತದೆ ಎಂದುಕೊಳ್ಳೋಣ. 2012ರ ಮೇ ತಿಂಗಳ ಕೊನೆಗೆ ದಿಲ್ಲಿಯಲ್ಲಿ ಪೆಟ್ರೋಲ್ 73 ರೂಪಾಯಿ 18 ಪೈಸೆ, ಡೀಸೆಲ್ 40 ರೂಪಾಯಿ 91 ಪೈಸೆ. ಕಿಲೋಮೀಟರಿಗೆ ಪೆಟ್ರೋಲಿಗೆ 6 ರೂಪಾಯಿ 10 ಪೈಸೆ, ಡೀಸೆಲ್ಲಿಗೆ 2 ರೂಪಾಯಿ 56 ಪೈಸೆ. ಉಳಿತಾಯ 3 ರೂಪಾಯಿ 54 ಪೈಸೆ. ಹೆಚ್ಚು ಕೊಟ್ಟ 1 ಲಕ್ಷ ವಾಪಸು ಬರಲು ಸುಮಾರು 28 ಸಾವಿರ ಕಿಲೋಮೀಟರ್ ಓಡಿದರೆ ಸಾಕು. ಇದೇ ಆ ಕಾಲದ ಡೀಸೆಲ್ಲಿನ ಬಲ.

ಆದರೆ ಕಾಲ ಬದಲಾಗಿತ್ತು. 2010ರ ಜೂನಿನಲ್ಲಿ ಕೇಂದ್ರ ಸರಕಾರ ಪೆಟ್ರೋಲಿನ ದರದ ಮೇಲಿನ ಹಿಡಿತ ಬಿಟ್ಟಿತ್ತು. 2013ರ ಜನವರಿಯಿಂದ ಡೀಸೆಲ್ಲಿನ ಬೆಲೆಯನ್ನು ತಿಂಗಳಿಗೆ 50 ಪೈಸೆಯಷ್ಟು ಏರಿಸುತ್ತ ಬಂದು, 2014ರ ಅಕ್ಟೋಬರಿನಲ್ಲಿ ಅದನ್ನೂ ಪೇಟೆಗೆ ಬಿಟ್ಟಿತು. 2020ರ ಜೂನ್ 24ರಂದು ದಿಲ್ಲಿಯಲ್ಲಿ ಯಾರೂ ಕಂಡಿರದ ಸಂಗತಿ ನಡೆಯಿತು. ಪೆಟ್ರೋಲ್ 79 ರೂಪಾಯಿ 76 ಪೈಸೆ, ಡೀಸೆಲ್ 79 ರೂಪಾಯಿ 88 ಪೈಸೆ. ಡೀಸೆಲ್ಲೇ ಮೇಲೆ! ಅಲ್ಲಿಯ ತೆರಿಗೆಯಿಂದ ಹಾಗಾಯಿತು ನಿಜ, ನಮ್ಮಲ್ಲಿ ಡೀಸೆಲ್ ಕಡಿಮೆಯೇ ಇತ್ತು. ಆದರೂ ಹಳೆಯ ಅಂತರ ಎಲ್ಲಿಯೂ ಉಳಿಯಲಿಲ್ಲ. ಆ ದರದಲ್ಲಿ ಕಿಲೋಮೀಟರಿಗೆ ಉಳಿತಾಯ 1 ರೂಪಾಯಿ 65 ಪೈಸೆ. 1 ಲಕ್ಷ ವಾಪಸು ಬರಲು 60 ಸಾವಿರ ಕಿಲೋಮೀಟರ್ ದಾಟಬೇಕು.

ದಿನಕ್ಕೆ 30 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ 9 ಸಾವಿರ ಕಿಲೋಮೀಟರ್. 60 ಸಾವಿರಕ್ಕೆ ಆರು ವರ್ಷದ ಮೇಲೆ ಬೇಕು. ಅಷ್ಟರೊಳಗೆ ಸಾಲವೇ ಮುಗಿದಿರುತ್ತದೆ. ವರ್ಷದ ಉಳಿತಾಯ 14 ಸಾವಿರದ 900ರ ಆಸುಪಾಸು. ಒತ್ತೆಯ 1 ಲಕ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿಯೇ 12 ಸಾವಿರ. ಕೈಗೆ ಉಳಿಯುವುದು 3 ಸಾವಿರವೂ ಇಲ್ಲ. ಆ 3 ಸಾವಿರಕ್ಕಾಗಿ ಬಳೆ ಹೋಗಬೇಕೇ? ಹುಡುಗ ಎರಡು ಸಲ ಗುಣಾಕಾರ ಮಾಡಿ ನೋಡಿದ. ಅವನ ತಾಯಿ ಏನೂ ಹೇಳಲಿಲ್ಲ, ಬಳೆಗಳನ್ನು ಮೊಣಕೈ ಕಡೆಗೆ ಸರಿಸಿಕೊಂಡು ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದಳು. ಮುಂದಿನ ವಾರ ಸಣ್ಣ ಪೆಟ್ರೋಲ್ ಗಾಡಿ ಬಂತು.

ಇದೇ ಲೆಕ್ಕ ದಿನಕ್ಕೆ 100 ಕಿಲೋಮೀಟರ್ ಓಡುವವರಿಗೆ ಪೂರ್ತಿ ತಿರುಗಿ ನಿಲ್ಲುತ್ತದೆ. ಅವರು 60 ಸಾವಿರವನ್ನು ಎರಡೇ ವರ್ಷದಲ್ಲಿ ಮುಟ್ಟುತ್ತಾರೆ. ಆಮೇಲಿನದೆಲ್ಲ ಲಾಭ. ತವಂದಿ ಘಾಟು ಏರಿ ದಿನವೂ ಬೆಳಗಾವಿಗೆ ಹೊರೆ ಒಯ್ಯುವವರಿಗೆ ಡೀಸೆಲ್ಲಿನ ಎಳೆತ ಬೇಕು. ನನ್ನ ಅಳಿಯನಿಗೂ ಈಗ ಕೊಲ್ಲಾಪುರದ ಪೇಟೆಗೆ ಮಾಲು ಸಾಗಿಸುವ ಕೆಲಸದ ಮಾತು ಬಂದಿದೆ. ನೋಟಬುಕ್ಕು ಮತ್ತೆ ತೆರೆಯಬೇಕಾಗಿದೆ. ಒಂದು ಸಲ ಬಂದ ಉತ್ತರ ಎಲ್ಲ ಕಾಲಕ್ಕೂ ಅಲ್ಲ.

ಇನ್ನೊಂದು ಏರಿಕೆಯೂ ಅದೇ ವರ್ಷ ಬಂದಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ಎಂಬ ಹೊಗೆಯ ನಿಯಮ ಜಾರಿಯಾಯಿತು. ಡೀಸೆಲ್ಲಿನ ಹೊಗೆ ತೊಳೆಯಲು ಹೆಚ್ಚಿನ ಉಪಕರಣ ಬೇಕು, ಆದ್ದರಿಂದ ಅದರ ಬೆಲೆ ಪೆಟ್ರೋಲಿಗಿಂತ ಹೆಚ್ಚು ಏರಿತು. ಮಾರುತಿ ಕಂಪನಿ ತನ್ನ ಸಣ್ಣ ಸರಕು ಗಾಡಿಯಲ್ಲೂ ಡೀಸೆಲ್ ಬಿಟ್ಟುಬಿಟ್ಟಿತು. ಏಸ್ ಗಾಡಿಯೇ ಪೆಟ್ರೋಲಿನಲ್ಲೂ, ಸಿಎನ್‌ಜಿಯಲ್ಲೂ, 2022ರಿಂದ ಬ್ಯಾಟರಿಯಲ್ಲೂ ಬಂತು. ಸಿಎನ್‌ಜಿ ಅಗ್ಗ, ಆದರೆ ಟಾಕಿ ಜಾಗ ಹಿಡಿಯುತ್ತದೆ, ಪಂಪು ದಾರಿಯಲ್ಲಿ ಇರಬೇಕು, ಸಾಲಿನಲ್ಲಿ ನಿಲ್ಲುವ ಹೊತ್ತೂ ಖರ್ಚೇ. ಬ್ಯಾಟರಿಯ ಗಾಡಿ ಕೊಳ್ಳಲು ಬಲು ತುಟ್ಟಿ, ಓಡಿಸಲು ಬಲು ಅಗ್ಗ. 1897ರಲ್ಲಿ ಡೀಸೆಲ್ ನಿಂತಿದ್ದ ಜಾಗದಲ್ಲಿ ಈಗ ಅದು ನಿಂತಿದೆ.

ನಮ್ಮ ಗಡಿಯವರ ಲೆಕ್ಕಕ್ಕೆ ಇನ್ನೊಂದು ಎಳೆ ಸೇರುತ್ತದೆ. ಎರಡು ರಾಜ್ಯಗಳ ತೆರಿಗೆ ಬೇರೆ ಬೇರೆ. ಹಲವು ವರ್ಷ ಕರ್ನಾಟಕದಲ್ಲಿ ಡೀಸೆಲ್ ಅಗ್ಗವಾಗಿದ್ದು, ಕಾಗಲ, ಮಿರಜದ ಕಡೆಯ ಗಾಡಿಗಳು ನಿಪ್ಪಾಣಿ, ಕಾಗವಾಡದ ಪಂಪುಗಳಿಗೆ ಬಂದು ಟಾಕಿ ತುಂಬಿಸಿಕೊಂಡು ಹೋಗುತ್ತಿದ್ದವು. 2024ರ ಜೂನಿನಲ್ಲಿ ನಮ್ಮ ಸರಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಸುಮಾರು ಮೂರೂವರೆ ರೂಪಾಯಿ ಹೆಚ್ಚಾಯಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಸುಮಾರು 2 ರೂಪಾಯಿ. ಅಂತರ ಕರಗಿತು. ಬೆಂಗಳೂರಿನ ಒಂದು ಆದೇಶ ನಮ್ಮ ಊರಿನ ಬಾಡಿಗೆಯ ದರವನ್ನು ಬೆಳಗಾಗುವುದರೊಳಗೆ ಬದಲಿಸುತ್ತದೆ.

ಕೊನೆಗೆ ಯಾವ ಶೋರೂಮಿನ ಕಾಗದದಲ್ಲೂ ಬರೆಯದ ಬೆಲೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರ ಜೂನಿನಲ್ಲಿ ಸಾರಿತು. ಅದಕ್ಕೆ ಕೆಲವೇ ದಿನ ಹಿಂದಿನ ದರಪಟ್ಟಿಯನ್ನೇ ನಾನು ಮೇಲೆ ಕೊಟ್ಟದ್ದು. ಪೆಟ್ರೋಲಿಗೂ ಡೀಸೆಲ್ಲಿಗೂ 32 ರೂಪಾಯಿ ಅಂತರವಿದ್ದ ಕಾಲ ಅದು. ಡೀಸೆಲ್ಲನ್ನು ಅಗ್ಗ ಮಾಡಿದ ಹಣ ಸರಕಾರದ್ದು, ಉಳಿಸಿದ ಹಣ ಮಾಲಕರದ್ದು, ಕುಡಿದ ಹೊಗೆ ರಸ್ತೆ ಬದಿಯಲ್ಲಿ ಕುಳಿತು ಕಾಯಿಪಲ್ಲೆ ಮಾರುವ ಹೆಂಗಸಿನದು. ಹಾಗೆಂದು ಡೀಸೆಲ್ಲನ್ನು ಬೈದು ಮುಗಿಸುವಂತಿಲ್ಲ. ಮಿರಜದ ದಾರಿಯಲ್ಲಿ ಉಳಿದ ತಾಯಂದಿರ ಮಾತನ್ನೂ ನಾನೇ ಬರೆದೆನಲ್ಲ? ಎರಡೂ ನಿಜ.

ಸ್ತ್ರೀಶಕ್ತಿ ಸಂಘಗಳಲ್ಲಿ ನಾವು ಈಗ ಸಾಲ ತರುತ್ತೇವೆ, ಜಾಮೀನು ನಿಲ್ಲುತ್ತೇವೆ, ಗಾಡಿಯ ಕಾಗದಕ್ಕೆ ಸಹಿ ಹಾಕುತ್ತೇವೆ. ಸಹಿ ಹಾಕುವ ಮುಂಚೆ ನಾಲ್ಕು ಮಾತು ಕೇಳುವ ಹಕ್ಕು ನಮಗಿದೆ. ಗಾಡಿ ದಿನಕ್ಕೆ ಎಷ್ಟು ದೂರ ಓಡುತ್ತದೆ? ಎಷ್ಟು ಹೊರೆ ಹೊರುತ್ತದೆ? ಕೆಟ್ಟರೆ ಎಷ್ಟು ದೂರದಲ್ಲಿ, ಎಷ್ಟು ದಿನದಲ್ಲಿ ರಿಪೇರಿ ಆಗುತ್ತದೆ? ಹೆಚ್ಚು ಕೊಟ್ಟ ಹಣ ಎಷ್ಟು ತಿಂಗಳಲ್ಲಿ ವಾಪಸು ಬರುತ್ತದೆ, ಅದರ ಬಡ್ಡಿ ಎಷ್ಟು? ಐದನೆಯ ಇಯತ್ತೆಯ ಗಣಿತ ಸಾಕು. ನಮ್ಮ ಅತ್ತೆಯವರಿಗೆ ಅಷ್ಟೂ ಓದು ಇರಲಿಲ್ಲ. ಆದರೆ ಸರ ಎಷ್ಟು ವರ್ಷ ಬಾವಿಯೊಳಗೆ ಬಿದ್ದಿತ್ತು ಎಂಬ ಲೆಕ್ಕ ಅವರಿಗೆ ಕೊನೆಯವರೆಗೂ ತಪ್ಪಿರಲಿಲ್ಲ.